ಇವತ್ತು ಯಾರು ಹತ್ತಿದರು?

ಬೆಳಗಿನ ಮೊದಲ ಬಸ್ಸಿನ ಹಾರ್ನ್ ಕೇಳಿದರೆ ಸಾತನೂರಿನ ಪಕ್ಕದ ಆ ಹಳ್ಳಿಯ ಜನರೆಲ್ಲ ಚೀಲ ಹಿಡಿದು ರಸ್ತೆಗೆ ಓಡುತ್ತಾರೆ. ಚಲುವಯ್ಯ ಮಾತ್ರ ಮನೆಯೊಳಗೆ ಓಡುತ್ತಿದ್ದ. ಜಗಲಿಯ ಮೇಲೆ ಕೂತವನು ದಡಕ್ಕನೆ ಎದ್ದು, ಬಾಗಿಲು ಮುಂದೆ ಮಾಡಿಕೊಂಡು, ಬಸ್ಸಿನ ಸದ್ದು ಪೂರ್ತಿ ಅಡಗಿದ ಮೇಲೆ ಮೆಲ್ಲಗೆ ಹೊರಗೆ ಬರುತ್ತಿದ್ದ. ಬೇಡದ ನೆಂಟರು ಬಂದರೂ ಯಾರೂ ಹೀಗೆ ಅವಿತುಕೊಳ್ಳುವುದಿಲ್ಲ.

ಕಾರಣ ಏನೆಂದರೆ, ಆ ರೂಟಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಬಸ್ಸು ಓಡಿಸಿದವನು ಅವನೇ. ರಾತ್ರಿ ಉಯ್ಯಂಬಳ್ಳಿಯಲ್ಲಿ ತಂಗಿ, ಕೋಳಿ ಕೂಗುವ ಹೊತ್ತಿಗೆ ಹೊರಟು, ಸಾತನೂರಿನ ಮೇಲೆ ಕನಕಪುರಕ್ಕೆ. ಕಳೆದ ವರ್ಷ ರಿಟೈರ್ ಆದ. ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೋನೂ ತೆಗೆದರು. ಮಾರನೆಯ ದಿನ ಬಸ್ಸು ಅದೇ ಹೊತ್ತಿಗೆ ಬಂತು. ಅದೇ ತಿರುವಿನಲ್ಲಿ ಹಾರ್ನ್ ಹೊಡೆಯಿತು, ಅದೇ ಜನ ಹತ್ತಿದರು. ಡ್ರೈವರ್ ಸೀಟಿನಲ್ಲಿ ಯಾರಿದ್ದಾರೆ ಎಂದು ಒಬ್ಬರೂ ಕತ್ತೆತ್ತಿ ನೋಡಲಿಲ್ಲ. ಜಗಲಿಯಲ್ಲಿ ನಿಂತು ನೋಡುತ್ತಿದ್ದ ಚಲುವಯ್ಯನಿಗೆ ಎದೆಯೊಳಗೆ ಏನೋ ಕಳಚಿ ಬಿದ್ದ ಹಾಗಾಯಿತು. ಇಷ್ಟೇನಾ ನಾನು, ಇಷ್ಟು ವರ್ಷ ಹೋಗಿ ಬಂದಿದ್ದು ಯಾತಕ್ಕೆ ಅನ್ನಿಸಿತು.

ಅಂದಿನಿಂದ ಬೆಳಗಿನ ಮಂಪರಿನಲ್ಲಿ ಅವನಿಗೆ ಒಂದೇ ಕನಸು. ಮಂಜು ಕವಿದ ರಸ್ತೆ, ಎರಡೂ ಕಡೆ ಹಿಪ್ಪುನೇರಳೆ ತೋಟ, ತಾನು ಬಸ್ಸು ಓಡಿಸುತ್ತಲೇ ಇದ್ದಾನೆ. ಎಷ್ಟು ಹೋದರೂ ಒಂದು ಸ್ಟಾಪೂ ಬರುವುದಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟುಗಳೆಲ್ಲ ಖಾಲಿ. ಎಚ್ಚರವಾದ ಮೇಲೂ ಆ ಖಾಲಿ ಸೀಟುಗಳು ಕಣ್ಣ ಮುಂದೆಯೇ ಇರುತ್ತಿದ್ದವು. ಊಟ ಕಡಿಮೆಯಾಯಿತು. ಮಾತು ಅದಕ್ಕಿಂತ ಕಡಿಮೆಯಾಯಿತು.

ಇಷ್ಟೇ ಆಗಿದ್ದರೆ ಹೆಂಡತಿ ಮುನಿರತ್ನಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳು. ಒಂದು ದಿನ ಬಚ್ಚಲ ಹಿಂದಿನ ದಾಸವಾಳದ ಗಿಡಕ್ಕೆ ಗೊಬ್ಬರ ಹಾಕಲು ಹೋದವಳಿಗೆ ಬುಡದಲ್ಲಿ ಬಿಳಿ ಬಿಳಿಯಾಗಿ ಏನೋ ಕಂಡಿತು. ಕೈಯಲ್ಲಿ ಕೆದಕಿ ನೋಡಿದರೆ ಮಾತ್ರೆ! ಗಂಡನಿಗೆ ಬಿಪಿಗೆಂದು ಕೊಟ್ಟಿದ್ದ ಮಾತ್ರೆಗಳನ್ನು ದಾಸವಾಳ ನುಂಗುತ್ತಿತ್ತು.

"ಏನ್ ಕೆಲ್ಸ ಅಂತ ಮಾಡ್ತಾ ಇದೀರಿ?" ಮಾತ್ರೆಗಳನ್ನು ಅಂಗೈಯಲ್ಲಿ ತಂದು ಗಂಡನ ಮುಂದೆ ಹಿಡಿದಳು. "ಆಶಾ ಕಾರ್ಯಕರ್ತೆ ಧನಲಕ್ಷ್ಮಿ ಬಂದು ಬಿಪಿ ನೋಡ್ದಾಗ ಏನಂದ್ಳು? ಮಾತ್ರೆ ಬುಟ್ರೆ ಯಾವಾಗ ಏನಾಯ್ತದೋ ಹೇಳಕ್ಕಾಗಲ್ಲ ಅನ್ನಲಿಲ್ವಾ?"

ಚಲುವಯ್ಯ ಗೋಡೆಯ ಕಡೆ ನೋಡುತ್ತಾ ಅಂದ: "ಇರಾವಷ್ಟು ದಿನ ಇದ್ದದ್ದಾಯ್ತು ಕಣಮ್ಮಿ. ಇನ್ಯಾವ ಸುಖಕ್ಕೆ ನುಂಗ್ಬೇಕು?"

ಮುನಿರತ್ನಮ್ಮ ಅಳಲಿಲ್ಲ. ಒಳಗೆ ಹೋದವಳೇ ಫೋನ್ ಎತ್ತಿಕೊಂಡು ಚನ್ನಪಟ್ಟಣಕ್ಕೆ ಮಾಡಿದಳು. "ಗೌಸಣ್ಣಾ, ಒಂದ್ಸಲ ಬಂದೋಗಿ. ನಿಮ್ ಡ್ರೈವರು ಗಾಡಿ ಸೈಡಿಗೆ ಹಾಕ್ಬುಟ್ಟವ್ರೆ."

ಗೌಸ್ ಎಂದರೆ ಅದೇ ಬಸ್ಸಿನ ಕಂಡಕ್ಟರ್. ಸರ್ವೀಸಿನ ಹೆಚ್ಚು ಕಾಲ ಇಬ್ಬರಿಗೂ ಒಟ್ಟಿಗೆ ಡ್ಯೂಟಿ. ಗೌಸ್ ಎರಡು ವರ್ಷ ಮೊದಲೇ ರಿಟೈರ್ ಆಗಿ, ಈಗ ಚನ್ನಪಟ್ಟಣದ ಹೈವೇ ಪಕ್ಕ ಮಗ ಸುಹೇಲನ ಬೊಂಬೆ ಅಂಗಡಿಯಲ್ಲಿ ಕೂರುತ್ತಾನೆ. ಭಾನುವಾರ ಬಂದ. ಬರುವಾಗ ಒಂದು ನೋಟ್‌ಬುಕ್ಕನ್ನೂ ಕೆಂಪು ಅರಗಿನ ಬಣ್ಣ ಹಚ್ಚಿದ ಮರದ ಪೆನ್ನೊಂದನ್ನೂ ತಂದಿದ್ದ.

"ಏನ್ಲಾ ಡ್ರೈವರಪ್ಪ, ದಾಸವಾಳಕ್ಕೆ ಬಿಪಿ ಜಾಸ್ತಿ ಆಗಿತ್ತಾ?" ಎನ್ನುತ್ತಲೇ ಜಗಲಿ ಹತ್ತಿದ.

ಚಲುವಯ್ಯನಿಗೆ ನಗು ಬಂತು, ಆದರೆ ಬಿಗುಮಾನ ಬಿಡಲಿಲ್ಲ. "ಅದ್ಯಾಕ್ಲಾ ಪುಸ್ತಕ? ನಿನ್ ಮೊಮ್ಮಕ್ಳಿಗಾ?"

"ನಿಂಗೇ ಕಣ್ಲಾ. ದಿನಾ ದೀಪ ಹಚ್ಚೋ ಹೊತ್ನಲ್ಲಿ ಕುಂತ್ಕೊಂಡು ಮೂರು ಸಾಲು ಬರಿ. ಇವತ್ತು ಯಾವುದ್ರಿಂದ ನಿಂಗೆ ಒಳ್ಳೇದಾಯ್ತು, ಯಾರಿಂದ ಆಯ್ತು. ಅಷ್ಟೇಯ."

"ಅಯ್ಯೋ, ದಿನಚರಿ ಬರೆಯಾಕೆ ನಾನೇನು ಮಿನಿಷ್ಟ್ರಾ? ಬರುದ್ರೆ ಬಿಪಿ ಇಳಿದೋಯ್ತದಾ?"

"ಬಿಪಿ ಇಳ್ಸಾದು ಮಾತ್ರೆ. ಆ ಮಾತ್ರೆ ನುಂಗೋ ಮನಸ್ಸು ಬರ್ಸಾದು ಇದು."

ಗೌಸನ ಮುಖದಲ್ಲಿದ್ದ ತಮಾಷೆ ಮೆಲ್ಲಗೆ ಇಳಿಯಿತು. ತೀರಿಕೊಂಡ ಹೆಂಡತಿಯ ಮಾತು ತೆಗೆದ. "ಹಫೀಜಾ ಹೋದ್ಮೇಲೆ ನಾನೂ ನಿನ್ನಂಗೇ ಕುಂತ್ಬುಟ್ಟಿದ್ದೆ ಕಣ್ಲಾ. ನಿಂಗೂ ಹೇಳಿರ್ಲಿಲ್ಲ. ಸುಹೇಲ ಬಲವಂತ ಮಾಡಿ ರಾಮನಗರದ ಆಸ್ಪತ್ರೆಗೆ ಕರ್ಕಂಡೋದ. ಅಲ್ಲಿ ಒಬ್ರು ಮೇಡಮ್ಮು, ಮನಸಿನ ಡಾಕ್ಟ್ರು. ಒಸಿ ದಿನ ಔಷ್ದಿ ಕೊಟ್ರು. ಅದ್ರ ಜತೇಲಿ ಈ ಕೆಲ್ಸಾನೂ ಹಚ್ಚಿದ್ರು. ನಾನೂ ಮೊದ್ಲು ನಕ್ಕಿದ್ದೆ."

ಜೇಬಿನಿಂದ ಮಡಚಿದ ಪುಟ್ಟ ಪುಸ್ತಕ ತೆಗೆದು ತನ್ನ ಬರಹವನ್ನು ತಾನೇ ಓದಿದ. ಸುಹೇಲ ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದ. ನಾನು ನಮಾಜಿಗೆ ಹೋದಾಗ ಎದುರಂಗಡಿ ಶರೀಫ್ ನಮ್ಮ ಅಂಗಡಿ ನೋಡಿಕೊಂಡ. ಹಫೀಜಾ ನೆಟ್ಟ ಕರಿಬೇವು ಚಿಗುರಿದೆ.

ಮೂರನೇ ಸಾಲಿಗೆ ಮುನಿರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಲುವಯ್ಯ ಪೆನ್ನನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದ.

ಗೆಳೆಯನ ಮಾತಿಗೆ ಕಟ್ಟುಬಿದ್ದು ಅವನು ಬರೆದದ್ದೇನೋ ನಿಜ. ಆದರೆ ಏನು ಬರೆದ? ಮುಂದಿನ ಭಾನುವಾರ ಗೌಸ್ ಬಂದು ಪುಸ್ತಕ ಬಿಡಿಸಿದರೆ ಹೀಗಿತ್ತು:

"ಬೆಳಿಗ್ಗೆ ಆರು ಗಂಟೆ: ಮನೆ ಬಿಟ್ಟಿದ್ದು. ಆರು ಇಪ್ಪತ್ತು: ಹಾಲಿನ ಸೊಸೈಟಿ ತಲುಪಿದ್ದು. ದಾರಿಯಲ್ಲಿ ತೊಂದರೆ ಇಲ್ಲ. ಏಳು: ವಾಪಸ್. ಗಾಡಿ ಕಂಡೀಷನ್: ಎಡ ಮಂಡಿ ಸದ್ದು ಬರುತ್ತಿದೆ. ವಿಶೇಷ ಏನೂ ಇಲ್ಲ."

ಪುಟ ತಿರುಗಿಸಿದರೆ ಮತ್ತೆ ಅದೇ. ಎಲ್ಲ ಪುಟದ ಕೊನೆಗೂ ವಿಶೇಷ ಏನೂ ಇಲ್ಲ. ಗೌಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಒಳಗೆ ಮುದ್ದೆ ತಿರುವುತ್ತಿದ್ದ ಮುನಿರತ್ನಮ್ಮನಿಗೂ ನಗು ತಡೆಯಲಾಗಲಿಲ್ಲ.

"ಲೇ, ಡಿಪೋಗೆ ಕೊಡೋ ಲಾಗ್ ಶೀಟ್ ಬರ್ದಿದೀಯಲ್ಲೋ! ಬಸ್ ಹೋಯ್ತು, ಬಸ್ ಬಂತು. ಹತ್ತಿದೋರು ಯಾರ್ಲಾ? ಇಳ್ದೋರು ಯಾರು?"

"ಅದ ನೋಡ್ಕೊಳಾದು ಕಂಡಕ್ಟರ್ ಕೆಲ್ಸ," ಎಂದುಬಿಟ್ಟ ಚಲುವಯ್ಯ, ಮೂವತ್ತು ವರ್ಷದ ಅಭ್ಯಾಸದಲ್ಲಿ.

ಗೌಸನ ನಗು ನಿಂತಿತು. ಅವನು ಗೆಳೆಯನ ಪಕ್ಕಕ್ಕೆ ಸರಿದು ಕೂತ.

"ನೋಡು, ಅಲ್ಲೇ ಇರಾದು. ಇಬ್ರೂ ಒಂದೇ ಬಸ್ಸಲ್ಲಿ ಇದ್ದೋ. ನಾನು ಜನದ ಕಡೀಕೆ ಮೊಖ ಮಾಡ್ಕಂಡಿದ್ದೆ, ನೀನು ಬೆನ್ನು ಮಾಡ್ಕಂಡಿದ್ದೆ. ತಪ್ಪು ಅಂತಲ್ಲ. ಡ್ರೈವರ್ರು ಹಿಂದಕ್ಕೆ ತಿರುಗುದ್ರೆ ಎಲ್ಲಾರೂ ಕೆರೇಗೆ ಬೀಳಾದೇ. ಆದ್ರೆ ಈಗ ನಿನ್ ಕೈಲಿ ಸ್ಟೇರಿಂಗ್ ಇಲ್ವಲ್ಲಪ್ಪ. ಈಗ್ಲಾದ್ರೂ ಒಸಿ ತಿರುಗಿ ನೋಡು. ಟೈಮ್ ಬರೀಬ್ಯಾಡ. ಇವತ್ತು ನಿನ್ ದಿನಕ್ಕೆ ಯಾರ್ ಹತ್ತಿದ್ರು, ಅದ ಬರಿ."

ಆ ಸಂಜೆ, ದೀಪ ಹಚ್ಚಿದ ಮೇಲೆ, ಚಲುವಯ್ಯ ಜಗಲಿಯಲ್ಲಿ ಕೂತು ಬಹಳ ಹೊತ್ತು ಹಾಳೆ ನೋಡಿದ. ಕೊನೆಗೆ ಬರೆದ: "ಸೊಸೈಟಿಯಲ್ಲಿ ಶಿವಕುಮಾರ ನನ್ನ ಹಾಲಿನ ಕ್ಯಾನು ಎತ್ತಿಕೊಟ್ಟ. ನನ್ನ ಮಂಡಿ ನೋವು ಅವನಿಗೆ ಹೇಗೆ ಗೊತ್ತಾಯಿತೋ." ಬರೆದು ಮುಗಿಸಿದ ಮೇಲೆ, ಅವನು ದಿನಾ ಎತ್ತಿಕೊಡುತ್ತಿದ್ದಾನಲ್ಲ ಎಂಬುದು ಹೊಳೆಯಿತು. ತನಗೇ ನಾಚಿಕೆಯಾಯಿತು.

ಸಂಜೆ ಬರೆಯಬೇಕಲ್ಲ ಎಂಬ ಕಾರಣಕ್ಕೆ ಬೆಳಗಿನಿಂದಲೇ ಕಣ್ಣು ತೆರೆದುಕೊಳ್ಳತೊಡಗಿತು. ಹಿಪ್ಪುನೇರಳೆ ಎಲೆಯ ಮೇಲೆ ಮಂಜು ಕೂತು ತೋಟಕ್ಕೆ ತೋಟವೇ ಬೆಳ್ಳಗೆ ನಿದ್ದೆಹೋದ ಹಾಗೆ ಕಾಣುತ್ತಿತ್ತು. ಅದರೊಳಗೆ ಎಲೆ ಕೊಯ್ಯುವವರ ತಲೆಗಳು ಮಾತ್ರ ತೇಲುತ್ತಿದ್ದವು. ಪಕ್ಕದವರ ರೇಷ್ಮೆ ಹುಳು ಸಾಕುವ ಮನೆಯಿಂದ ಹುಳುಗಳು ಎಲೆ ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಇವೆಲ್ಲ ಅವನು ಹುಟ್ಟಿದಾಗಿನಿಂದ ಇದ್ದದ್ದೇ. ಆದರೆ ಬೆಳಗಿನ ಹೊತ್ತು ಅವನು ಯಾವತ್ತೂ ಸುಮ್ಮನೆ ನಿಂತವನಲ್ಲ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಕೆಲವು ಸಂಜೆ ಒಂದು ಸಾಲೂ ಬರುತ್ತಿರಲಿಲ್ಲ. "ಇವತ್ತು ಯಾರೂ ಇಲ್ಲ. ಬೇಜಾರು" ಎಂದು ಬರೆದು ಪುಸ್ತಕ ಮುಚ್ಚಿಟ್ಟದ್ದೂ ಉಂಟು. ಫೋನಿನಲ್ಲಿ ಗೌಸ್ ಅಂದ: "ಅದೂ ಸರೀನೇ ಕಣ್ಲಾ. ಬೇಜಾರಾದ್ರೆ ಬೇಜಾರು ಅಂತ್ಲೇ ಬರಿ. ಸುಳ್ಳು ಸಂತೋಸ ಬರೀಬ್ಯಾಡ." ಮಾತ್ರೆಯೂ ಹಾಗೇ. ಮನಸ್ಸು ಬಂದ ದಿನ ನುಂಗುತ್ತಿದ್ದ, ಇಲ್ಲದ ದಿನ ಇಲ್ಲ. ಮುನಿರತ್ನಮ್ಮ ಈಗಲೂ ದಾಸವಾಳದ ಬುಡ ನೋಡಿಯೇ ಮಲಗುತ್ತಿದ್ದಳು.

ಒಂದು ಸಂಜೆ ಬರೆಯುತ್ತಾ ಕೂತಿದ್ದಾಗ ಎಲ್ಲಿಂದಲೋ ಕನಕಾಂಬರ, ಮಲ್ಲಿಗೆ ಸೇರಿಸಿ ಕಟ್ಟಿದ ಹೂವಿನ ವಾಸನೆ ಬಂತು. ಸುತ್ತ ನೋಡಿದರೆ ಹೂವಿಲ್ಲ. ನೆನಪೇ ಹಾಗೆ ಘಮ್ಮೆಂದಿತ್ತು. ಅದರ ಹಿಂದೆಯೇ ಒಂದು ಕೈ ಕಂಡಿತು. ಹಸಿರು ಗಾಜಿನ ಬಳೆಯ ಕೈ. ಬಸ್ಸು ಸಾತನೂರು ದಾಟುತ್ತಿದ್ದಂತೆ ಆ ಕೈ ಹಿಂದಿನಿಂದ ಚಾಚಿ ಬರುತ್ತಿತ್ತು. ಸ್ಟೇರಿಂಗಿನ ಮುಂದಿದ್ದ ಮಾದಪ್ಪ ದೇವರ ಫೋಟೋಗೆ ಒಂದು ತುಂಡು ಹೂವು ಮುಡಿಸಿ ಹಿಂದಕ್ಕೆ ಸರಿಯುತ್ತಿತ್ತು. ವರ್ಷಗಟ್ಟಲೆ, ದಿನಾ. ಆ ಕೈ ಯಾರದೆಂದು ಅವನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಬರೆಯುವ ಪೆನ್ನು ಅಲ್ಲೇ ನಿಂತಿತು.

ಗೌಸನಿಗೆ ಫೋನ್ ಮಾಡಿದ. "ಆ ಹೂವಿಂದು ಯಾರ್ಲಾ ಅದು?"

"ನಮ್ ಕರೀಮುನ್ನೀಸಾ ಕಣೋ! ಸಾತನೂರಲ್ಲಿ ಹೂ ಬುಟ್ಟಿ ಹಿಡ್ಕಂಡು ಹತ್ತೋರು. ಈಗ್ಲೂ ಕನಕಪುರ ಬಸ್‌ಸ್ಟ್ಯಾಂಡ್ ಹೊರ್ಗಡೆ ಕುಂತ್ಕತಾರೆ. ಇಷ್ಟು ವರ್ಷ ಗೊತ್ತಿರ್ಲಿಲ್ವಾ ನಿಂಗೆ?"

ಮಾರನೆಯ ಬೆಳಿಗ್ಗೆ ಹಾರ್ನ್ ಕೇಳಿದಾಗ ಚಲುವಯ್ಯ ಒಳಗೆ ಓಡಲಿಲ್ಲ. ರಸ್ತೆಗೆ ಹೋದ. ಕಂಬಿ ಹಿಡಿದು ಬಸ್ಸು ಹತ್ತಿದ. ಡ್ರೈವರ್ ಆದ ಮೇಲೆ ಪ್ಯಾಸೆಂಜರ್ ಆಗಿ ಆ ರಸ್ತೆಯಲ್ಲಿ ಹೋಗುತ್ತಿದ್ದದ್ದು ಅದೇ ಮೊದಲು. ಹಿಂದಿನ ಸೀಟಿನಲ್ಲಿ ಕೂತು ನೋಡಿದ. ಕಿಟಕಿಯಲ್ಲಿ ಮಂಜು, ಮಸುಕು ಬೆಳಕು, ಬಸ್ಸಿನ ತೂಗಾಟ. ಒಬ್ಬೊಬ್ಬರಾಗಿ ಎಲ್ಲರ ತಲೆಗಳು ವಾಲುತ್ತಿದ್ದವು. ಕಾಲೇಜಿನ ಹುಡುಗಿ ಪಕ್ಕದ ಅಪರಿಚಿತ ಹೆಂಗಸಿನ ಹೆಗಲಿಗೇ ಒರಗಿದ್ದಳು. ಇಡೀ ಬಸ್ಸು ಒಂದು ಮನೆಯಂತೆ ಮಲಗಿತ್ತು. ಮುಂದೆ ಹೊಸ ಡ್ರೈವರನ ಬೆನ್ನು ಮಾತ್ರ ಎಚ್ಚರವಿತ್ತು. ನನ್ನ ಬೆನ್ನ ಹಿಂದೆಯೂ ಹೀಗೇ ಇತ್ತೇ ಎಂದು ಯೋಚಿಸುತ್ತಾ ಅವನಿಗೂ ಜೊಂಪು ಹತ್ತಿತು.

ಕನಕಪುರದ ಬಸ್‌ಸ್ಟ್ಯಾಂಡಿನ ಹೊರಗೆ, ಒದ್ದೆ ಗೋಣಿಯ ಮೇಲೆ ಹೂವು ಹರಡಿಕೊಂಡು ಆ ಮುದುಕಿ ಕೂತಿದ್ದಳು.

"ಅಕ್ಕಾ, ಬೆಳಗಿನ ಬಸ್ಸಲ್ಲಿ ಮಾದಪ್ಪನ ಪಟಕ್ಕೆ ಹೂ ಇಡ್ತಿದ್ದೋರು ನೀವೇನಾ?"

"ಹೂಂ ಕಣಪ್ಪ. ನೀವ್ಯಾರು?"

"ನಾನು ಆ ಬಸ್ಸಿನ ಡ್ರೈವರ್ರು. ಚಲುವಯ್ಯ ಅಂತ."

ಅವಳು ಕಣ್ಣು ಕಿರಿದು ಮಾಡಿ ದಿಟ್ಟಿಸಿದಳು. ಗುರುತು ಹತ್ತಲಿಲ್ಲ. "ಒಸಿ ಆ ಕಡೀಕೆ ತಿರುಗಿ ನಿಂತ್ಕೊಳಿ ನೋಡಾನ," ಅಂದಳು. ಚಲುವಯ್ಯ ಏನೂ ತಿಳಿಯದೆ ತಿರುಗಿ ನಿಂತ.

"ಅಯ್, ನೀವೇಯ! ಬೆನ್ನು ಗುರ್ತು ಸಿಕ್ತು. ಮೊಖ ಕಂಡಿದ್ದು ಇವತ್ತೇ ನೋಡಿ."

ಇಬ್ಬರೂ ನಕ್ಕರು. ಅವನು ಅವಳ ಪಕ್ಕದ ಕಟ್ಟೆಯ ಮೇಲೆ ಕೂತು ಕೇಳಿದ: "ದಿನಾ ಯಾಕಕ್ಕ ಹೂವ ಇಡ್ತಿದ್ರಿ?"

"ಏನ್ ಹೇಳ್ಲಣ್ಣ. ಮನೆ ತುಂಬ ಮಕ್ಳು. ಹೂವ ಬಿಡ್ಸಿ ಕಟ್ಟಾದ್ರಲ್ಲೇ ರಾತ್ರಿ ಕಳ್ದೋಯ್ತಿತ್ತು. ನಾನು ಮಲಗ್ತಿದ್ದಿದ್ದು ಅಂದ್ರೆ ನಿಮ್ ಬಸ್ಸಲ್ಲೇಯ, ಸಾತನೂರಿಂದ ಕನಕಪುರದ ಗಂಟ. ಗುಂಡಿ ಬಂದ್ರೆ ನೀವು ಒಸಿ ನಿಧಾನ ಮಾಡ್ತಿದ್ರಿ, ಅದು ನಿದ್ದೇಲೂ ಗೊತ್ತಾಗ್ತಿತ್ತು. ನಿಮ್ ಬೆನ್ನು ಮುಂದ್ಗಡೆ ಇದ್ರೆ ನಂಗೆ ಭಯ ಇರ್ಲಿಲ್ಲ. ನನ್ ಜೀವಮಾನದ ನಿದ್ದೆಯೆಲ್ಲ ನಿಮ್ ಹಿಂದೇನೇ ಮಾಡಿರಾದು ಕಣಣ್ಣ."

ಚಲುವಯ್ಯ ಬಂದದ್ದು ತಾನು ಥ್ಯಾಂಕ್ಸ್ ಹೇಳಲು. ಬಸ್‌ಸ್ಟ್ಯಾಂಡಿನ ಗಲಾಟೆಯ ನಡುವೆ ಅವನ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

"ನಿಮ್ ಹೂವಿನ ವಾಸ್ನೆಗೇ ಅಕ್ಕ, ನಂಗೆ ತೂಕಡಿಕೆ ಬತ್ತಿರ್ಲಿಲ್ಲ," ಅಂದ ಕೊನೆಗೆ. "ಸಾಯಂಕಾಲದ ಗಂಟ ಇರ್ತಿತ್ತು. ಅದ ಹೇಳಾನ ಅಂತ ಬಂದೆ."

ಹೊರಡುವಾಗ ಅವಳು ಎರಡು ಮೊಳ ಹೂವು ಎಲೆಯಲ್ಲಿ ಕಟ್ಟಿ ಕೈಗಿಟ್ಟಳು. ಮನೆಗೆ ತಂದು ಕೊಟ್ಟಾಗ ಮುನಿರತ್ನಮ್ಮ ಹೂವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನುಷ್ಯ ಹೂವು ತಂದವನಲ್ಲ.

ಆ ಸಂಜೆ ಚಲುವಯ್ಯ ಬಹಳ ಹೊತ್ತು ಬರೆದ. ಮೂರು ಸಾಲಿಗೆ ನಿಲ್ಲಲಿಲ್ಲ. ಹೂವು ಮುಡಿದು ಬಾಗಿಲಲ್ಲಿ ಕೂತಿದ್ದ ಹೆಂಡತಿ ಕೇಳಿದಳು: "ಅದೇನ್ ಅಷ್ಟೊಂದು? ಒಸಿ ಓದಿ, ನಾನೂ ಕೇಳ್ತೀನಿ."

ಅವನು ಗಂಟಲು ಸರಿ ಮಾಡಿಕೊಂಡು ಓದಿದ. ಕರೀಮುನ್ನೀಸಾಳ ಮಾತಾಯಿತು, ಗೌಸನ ಮಾತಾಯಿತು. ಆಮೇಲೆ ದನಿ ತಗ್ಗಿತು.

"ಇನ್ನೊಂದು ಕೈ ಇದೆ. ಊರ ಮುಂದೆ ಬಸ್ಸು ನಿಲ್ಲಿಸಿದರೆ ಕಿಟಕಿಯಿಂದ ಊಟದ ಡಬ್ಬಿ ಕೊಡುತ್ತಿದ್ದ ಕೈ. ಬಸ್ಸು ಲೇಟಾದರೆ ಮಳೆಯಲ್ಲೂ ನಿಂತಿರುತ್ತಿತ್ತು. ಡಬ್ಬಿ ಯಾವತ್ತೂ ಬಿಸಿ ಇರುತ್ತಿತ್ತು. ಆ ಕೈಗೆ ನಾನು ಒಂದು ದಿನವೂ ಒಂದು ಮಾತು ಹೇಳಲಿಲ್ಲ. ಡಬ್ಬಿ ಇಸಿದುಕೊಂಡು ಹಾರ್ನ್ ಹೊಡೆದು ಹೋಗುತ್ತಿದ್ದೆ. ನಾನು ಇಷ್ಟು ದೂರ ಬಂದದ್ದು ಆ ಕೈಯಿಂದ."

ಮುನಿರತ್ನಮ್ಮ ಮುಡಿದ ಹೂವನ್ನೊಮ್ಮೆ ಮುಟ್ಟಿಕೊಂಡಳು. "ಆರೋಯ್ತದೆ ಅಂತ ಸೆರಗಲ್ಲಿ ಮುಚ್ಕಂಡು ನಿಂತಿರ್ತಿದ್ದೆ," ಅಂದಳು. "ನಿಮ್ಗೆ ಅದು ಗೊತ್ತಾಗಿತ್ತಾ?"

"ಗೊತ್ತಾಗಿದ್ದು ಈಗ, ಬರೀವಾಗ."

ಹೊರಗೆ ಕತ್ತಲು ಮೆಲ್ಲಗೆ ತೋಟದ ಮೇಲೆ ಇಳಿಯುತ್ತಿತ್ತು. ಚಲುವಯ್ಯ ಪೆನ್ನಿನ ಟೋಪಿ ಹಾಕಿ ಕೈ ಚಾಚಿದ. "ಮಾತ್ರೆ ಎಲ್ಲಿಕ್ಕಿದೀಯ? ಕೊಡು."

ಅವಳು ನಂಬದೆ ನೋಡಿದಳು.

"ಅಂಗ್ಯಾಕ್ ನೋಡ್ತೀಯ? ನಿನ್ ವಿಚಾರ ಬರೆಯಾದು ಈಗ ಸುರು ಮಾಡಿವ್ನಿ. ಮುಗಿಯಾಗಂಟ ನಾನಿರ್ಬೇಕಲ್ಲ."

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳು ಇದ್ದೇ ಇರುತ್ತವೆ. ಸಂಜೆ ಒಂದು ಹೊತ್ತು ಗೊತ್ತು ಮಾಡಿಕೊಂಡು ಮೂರು ಸಾಲು ಬರೆಯಿರಿ. ಇವತ್ತು ಯಾರಿಂದ, ಯಾವುದರಿಂದ ನಿಮಗೆ ಒಳ್ಳೆಯದಾಯಿತು? ಅಕ್ಷರ ಚೆನ್ನಾಗಿರಬೇಕಿಲ್ಲ, ತಪ್ಪಿದ್ದರೂ ಚಿಂತೆಯಿಲ್ಲ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿ, ಇಲ್ಲವೇ ಮೊಬೈಲಿನಲ್ಲಿ ಮಾತಾಡಿ ಇಟ್ಟುಕೊಳ್ಳಿ. ಬೇಜಾರಿನ ದಿನ ಬೇಜಾರನ್ನೇ ಬರೆಯಿರಿ. ಬರೆದದ್ದರಲ್ಲಿ ಒಂದನ್ನು ಆಗಾಗ ಆ ಮನುಷ್ಯರಿಗೇ ಹೋಗಿ ಹೇಳಿ. ಡಾಕ್ಟರು ಕೊಟ್ಟ ಮಾತ್ರೆ ಮಾತ್ರ ಬಿಡಬೇಡಿ, ಬರವಣಿಗೆ ಅದರ ಬದಲಿಗಲ್ಲ. ಬೇಜಾರು ವಾರಗಟ್ಟಲೆ ಹೋಗದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಒಬ್ಬರೇ ಕೂರಬೇಡಿ. ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ, ಆಸ್ಪತ್ರೆಗೆ ಹೋಗಿ, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಅದಕ್ಕೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಸಾಲು ಯಾರ ಬಗ್ಗೆ ಬರೆಯುವುದು ಎಂದು ಯೋಚಿಸುತ್ತಿದ್ದೀರಾ? ನೀವು ಈ ಕಥೆಗೆ ಕೂತಿದ್ದ ಹೊತ್ತಿನಲ್ಲಿ ಯಾರೋ ನಿಮ್ಮ ಒಲೆ ನೋಡಿಕೊಂಡಿದ್ದಾರೆ, ಮಗು ಎತ್ತಿಕೊಂಡಿದ್ದಾರೆ, ಹಸುವಿಗೆ ಮೇವು ಹಾಕಿದ್ದಾರೆ. ಅವರ ಹೆಸರಿನಿಂದ ಶುರು ಮಾಡಿ.